ನೀರಿನಲ್ಲಿ ಬೇರೂರುವ ಕಾಂಡ

ಬೀಜದಿಂದ ಮಾತ್ರವೇ ಸಸ್ಯ ಹುಟ್ಟುವುದೆಂದು ಪ್ರಾಚೀನರು ಭಾವಿಸಿರಲಿಲ್ಲ. ‘ಕಾಂಡಬೀಜ’ ಎಂಬ ಶಬ್ದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದೆ. ಕಾಂಡವನ್ನೇ ಬೀಜವಾಗಿ ಉಳ್ಳುದು ಎಂದು ಅದರ ಅರ್ಥ. ಅಂತಹ ತುಂಡಿನ ಕಡಿದ ಮುಖಕ್ಕೆ ಜೇನು, ತುಪ್ಪ, ಸಗಣಿ ಮೊದಲಾದವುಗಳ ಲೇಪವನ್ನು ಆ ಗ್ರಂಥವು ವಿಧಿಸುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯು ದಾಳಿಂಬೆ, ದ್ರಾಕ್ಷಿಗಳನ್ನು ಕಾಂಡದಿಂದ ಬೆಳೆಸುವ ಗಿಡಗಳಲ್ಲಿ ಎಣಿಸಿದೆ. ಕನ್ನಡದಲ್ಲಿ 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ವು ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಈತನು ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಲ್ಲವೆಂಬುದನ್ನು ವಿದ್ಯಾರ್ಥಿಗಳು ಮರೆಯಲಾಗದು.

ಗಬ್ಬೂರ, ಹುಬ್ಬಳ್ಳಿಗಳ ಸುತ್ತಿನ ನೆಲ ಬಹುಮಟ್ಟಿಗೆ ಎರೆಮಣ್ಣಿನದು. ಮಳೆಗಾಲದಲ್ಲಿ ನೆನೆದರೆ ನೀರನ್ನು ಬಿಡದು. ಬೇಸಗೆಯಲ್ಲಿ ಬಿರಿದು ಎಳೆಬೇರನ್ನು ಹರಿಯುವುದು. ಅಂಗಳದಲ್ಲಿ ನೇರವಾಗಿ ಊರಿದ ಕಡ್ಡಿ ಇಂತಹ ನೆಲದಲ್ಲಿ ಸುಲಭವಾಗಿ ಕೊಳೆಯುತ್ತದೆ. ಬೇರು ಬಿಡುವವರೆಗೆ ಕಡ್ಡಿಯನ್ನು ನೀರಿನಲ್ಲಿಟ್ಟು ಅನಂತರ ಮಣ್ಣಿಗೆ ಒಯ್ಯುವ ಪದ್ಧತಿ ಇಲ್ಲಿಯ ಮನೆಗಳಿಗೆ ಒಪ್ಪುವಂತಹುದು. ಕೆಸರಿನಲ್ಲಿ ಕೊಳೆಯುವುದು ನೀರಿನಲ್ಲಿ ಏಕೆ ಕೊಳೆಯದು ಎಂದು ಜಾಣ ಬಾಲಕನು ಕೇಳಿಯಾನು. ಬೇರು ಮೂಡಲು ಆಮ್ಲಜನಕ ಬೇಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ನೀರಿನಲ್ಲಿ ಕರಗಿರುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಅಷ್ಟೇ ಗಾಳಿಯಲ್ಲಿ ಅದರ ಮೂವತ್ತು ಪಟ್ಟಿಗೂ ಹೆಚ್ಚಿದೆ. ಕೆಸರಿನಲ್ಲಿಯ ಸೂಕ್ಷ್ಮಜೀವಿಗಳು ಆ ಸ್ವಲ್ಪವನ್ನೂ ಮುಗಿಸುತ್ತವೆ. ಪಾತ್ರೆಯ ನೀರನ್ನಾದರೋ ಬದಲಿಸಬಹುದು; ಬದಲಿಸದೆ ಬಿಟ್ಟ ಸೀಸೆ ಕೆಸರಿಗಿಂತ ಮೇಲಲ್ಲ.

ಕಡ್ಡಿಯನ್ನು ಗೆಣ್ಣಿನ ಕೆಳಗೇ ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ಒಂದು ಗೇಣುದ್ದ ಸಾಕು. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ತುದಿಯ ನಾಲ್ಕಾರನ್ನು ಉಳಿಸಬೇಕು. ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕವು ಕೆಳಗಿಳಿದು ಕಡಿದ ಮುಖದ ಬಳಿ ಸೇರುವುದರಿಂದ ಅಲ್ಲಿ ಬೇರು ಮೂಡುತ್ತದೆ. ವಿಜ್ಞಾನಿಗಳು ಈ ವಸ್ತುವನ್ನು ಗುರುತಿಸಿದ್ದು 1930ರ ದಶಕದಲ್ಲಿ. ಕಡ್ಡಿಯನ್ನು ತಲೆಕೆಳಗಾಗಿ ಇಡಬಾರದೆಂಬುದರ ಕಾರಣವೂ ಇದೇ. ದೊಡ್ಡಪತ್ರೆ, ಪುದೀನ, ತುಳಸಿಗಳು ಒಂದೆರಡು ವಾರಗಳಲ್ಲಿ ಬೇರು ಬಿಡುತ್ತವೆ. ಮನಿಪ್ಲಾಂಟಿಗೆ ಗೆಣ್ಣು ಮುಳುಗಿದರಾಯಿತು. ದಾಸವಾಳ, ಕಣಗಿಲೆಗಳಿಗೆ ತಿಂಗಳ ತಾಳ್ಮೆ ಬೇಕು.

ಬೀಜದ ಸಸಿ ತಾಯಿಗಿಂತ ಬೇರೆಯಾಗಬಹುದು. ಕಾಂಡದ ಸಸಿ ತಾಯಿಯೇ. ಮುದ್ದೆಹೂವಿನ ದಾಸವಾಳ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಹಳೆಯ ಮನೆಯನ್ನು ಕೆಡಹುವಾಗ ಅಂಗಳದ ಅಂತಹ ಗಿಡವನ್ನೂ ಕಿತ್ತೊಗೆದರೆ, ಅಜ್ಜಿ ಹಚ್ಚಿದ ಆ ಗಿಡ ಅಲ್ಲಿಗೆ ಮುಗಿಯಿತು. ಮೊದಲೇ ನಾಲ್ಕು ಕಡ್ಡಿ ತೆಗೆದಿಟ್ಟರೆ ಅದೇ ಗಿಡ ಹೊಸ ಮನೆಯ ಬಾಗಿಲಿಗೆ ಬರುವುದು.

ಶಾಲೆಗಳಲ್ಲಿ ಈ ಪಾಠವನ್ನು ಕಲಿಸುವ ಗುರುಗಳು ಎರಡು ವಿಷಯಗಳಲ್ಲಿ ಎಚ್ಚರ ತಪ್ಪಬಾರದು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಸುಮಾರು ಎಂಟು ಹತ್ತು ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗುವುದು. ಮೂರು ದಿನಕ್ಕೊಮ್ಮೆ ನೀರನ್ನು ಚೆಲ್ಲಿ, ಸೀಸೆಯ ಒಳಬದಿಯನ್ನು ಉಜ್ಜಿ ತೊಳೆಯಬೇಕು. ಎರಡನೆಯದು ಕಣಗಿಲೆ. ಪೂಜೆಗೆ ಒದಗುವ ಹೂವಾದರೂ ಅದರ ಎಲೆ, ತೊಗಟೆ, ಹಾಲು ಎಲ್ಲವೂ ಹೃದಯಕ್ಕೆ ವಿಷ. ಅದನ್ನಿಟ್ಟ ನೀರೂ ವಿಷ. ಕುಡಿಯುವ ನೀರಿನ ಲೋಟವನ್ನು ಅದಕ್ಕೆ ಬಳಸುವುದಾಗಲಿ, ಚಿಕ್ಕ ಮಕ್ಕಳ ವರ್ಗದಲ್ಲಿ ಇಡುವುದಾಗಲಿ ಅಕ್ಷಮ್ಯ.

ಬೇರು ಎರಡು ಅಂಗುಲವಾದೊಡನೆ ಮಣ್ಣಿಗೆ ಸಾಗಿಸಬೇಕು. ನೀರಿನಲ್ಲಿ ಬೆಳೆದ ಬೇರು ಮೃದು. ತಡವಾದಷ್ಟೂ ಮಣ್ಣಿಗೆ ಒಗ್ಗುವುದು ಕಷ್ಟ. ಎರೆಮಣ್ಣಿಗೆ ಮರಳು, ಗೊಬ್ಬರ ಬೆರೆಸಿ, ಒಂದು ವಾರ ನೆರಳಿನಲ್ಲಿಟ್ಟು ತೇವ ಆರದಂತೆ ಕಾಯಬೇಕು. ಬಿಲ್ವಕ್ಕೆ ಮಾತ್ರ ಈ ಕ್ರಮ ಸಲ್ಲದು. ಅದನ್ನು ಬೀಜದಿಂದ, ಇಲ್ಲವೆ ಮರದ ಬೇರಿನಿಂದ ಏಳುವ ಮರಿಗಳಿಂದ ಬೆಳೆಸಬೇಕು.