ಮೊದಲು ಮನೆಯ ಬಾಯಿ ಎಣಿಸು

ಮಳೆಗಾಲಕ್ಕೆ ಮುಂಚೆ ದಿನಸಿ ತುಂಬಿಡಬೇಕೆಂದು ಗೆಳತಿ ಕೊಟ್ಟ ಪಟ್ಟಿ ಹಿಡಿದು ಹೊರಟಿದ್ದೀಯಂತೆ ಮಗಳೇ. ಆ ಪಟ್ಟಿ ಅವಳ ಮನೆಗೆ ಸರಿ ಕಣವ್ವ. ನಿನ್ನ ಮನೆಯಲ್ಲಿ ಎರಡು ಹೊತ್ತೂ ಮುದ್ದೆಯೇ ಬೇಕೆನ್ನುವ ಮಾವ, ಸಕ್ಕರೆ ಕಾಯಿಲೆಯ ಅತ್ತೆ, ಆಗತಾನೇ ಹಲ್ಲು ಮೂಡುತ್ತಿರುವ ಕೂಸು ಇದ್ದಾರೆ. ಅವಳು ಬರೆದ ನೂಡಲ್ಸ್ ಪೊಟ್ಟಣ ಇವರಲ್ಲಿ ಯಾರ ಹೊಟ್ಟೆಗೆ?

2022ರ ಆಗಸ್ಟ್ ಕೊನೆಯಲ್ಲಿ ಬಕ್ಷಿ ಕೆರೆ ಉಕ್ಕಿ, ರಾಮನಗರದ ಹತ್ತಿರ ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಲ್ಲಿ ನಿಂತಿತ್ತಲ್ಲ. ಅಂಥ ದಿನ ಕರೆಂಟಿಲ್ಲ, ಕುಡಿಯುವ ನೀರಿಗೂ ತತ್ವಾರ. ಹುರುಳಿ ಮೂಟೆ ಇದ್ದರೂ ಬೇಯಿಸುವುದು ಹೇಗೆ? ಆ ಎರಡು ಮೂರು ದಿನಕ್ಕೆ ಒಲೆ ಕೇಳದ ಊಟ ಬೇಕು: ಅವಲಕ್ಕಿ, ಹುರಿಗಡಲೆ, ಕಡಲೆಬೀಜ, ಬೆಲ್ಲ, ಮುಖ್ಯವಾಗಿ ರಾಗಿ ಹುರಿಹಿಟ್ಟು. ಹುರಿಹಿಟ್ಟಿಗೆ ಬೆಲ್ಲವೋ ಮಜ್ಜಿಗೆಯೋ ಕಲಸಿದರೆ ಮಾವನ ಹೊಟ್ಟೆಯೂ ತಣ್ಣಗಿರುತ್ತೆ. ಕುಡಿಯುವ ನೀರನ್ನೂ ತುಂಬಿಡು. ಎಲ್ಲ ಅಟ್ಟದ ಮೇಲಿರಲಿ, ನೆಲದ ಮೇಲಿಟ್ಟ ಮೂಟೆಯನ್ನು ನೀರು ಮೊದಲು ಮುಟ್ಟುತ್ತೆ.

ತಿಂಗಳುಗಟ್ಟಲೆ ಬರುವ ಕಷ್ಟದ ಲೆಕ್ಕ ಬೇರೆ. ಅಲ್ಲಿ ನಮ್ಮನ್ನು ಕಾಯುವುದು ರಾಗಿಯೇ. ಕಾಳು ಸಣ್ಣದು, ಗಟ್ಟಿ, ಹುಳ ಸುಲಭಕ್ಕೆ ಹತ್ತದು. ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡದು. 1876ರಿಂದ 78ರ ಧಾತು–ಈಶ್ವರ ಬರದಲ್ಲಿ ಮೈಸೂರು ಸೀಮೆಯ ಜನರಲ್ಲಿ ಸುಮಾರು ಐದನೇ ಒಂದು ಪಾಲು ಕರಗಿತು. ಉಳಿದವರ ಮಕ್ಕಳು ಮೊಮ್ಮಕ್ಕಳು ಹಗೇವನ್ನು, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿಯನ್ನು, ಎಷ್ಟು ಜತನ ಮಾಡುತ್ತಿದ್ದರೋ! ಬಾಯಿ ಕಿರಿದು, ಹೊಟ್ಟೆ ಅಗಲ, ಒಳಗೆಲ್ಲ ಹುಲ್ಲು ಹೊದಿಸಿ ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿ ಸತ್ತು ಹುಳವೂ ಸಾಯುತ್ತಿತ್ತು. ತಿಳಿಯದೆ ಒಳಗಿಳಿದರೆ ಮನುಷ್ಯರೂ ಸಾಯುತ್ತಿದ್ದರು. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಮಾಗಡಿ ಕನಕಪುರದ ಕಡೆ ನಿನ್ನ ತವರಿನವರ ಹಿತ್ತಿಲಲ್ಲಿ ಹಳೇ ಹಗೇವು ಕಂಡರೆ ಕೂಸನ್ನು ಹತ್ತಿರ ಬಿಡಬೇಡ.

ಒಂದು ವಾರ ಹಿಟ್ಟನ್ನು ಅಳೆದೇ ಮುದ್ದೆ ಕಟ್ಟು. ಎಷ್ಟು ರಾಗಿ ಕೂಡಿಡಬೇಕೆಂಬುದು ನಿನ್ನ ಪಾತ್ರೆಯೇ ಹೇಳುತ್ತೆ, ಇಂಟರ್ನೆಟ್ ಯಾಕೆ? ರಾಗಿಯನ್ನು ಕಾಳಾಗಿಯೇ ಇಡು, ಹಿಟ್ಟು ಒಂದೆರಡು ತಿಂಗಳಿಗೆ ಕಹಿ ಬರುತ್ತೆ. ಆದರೆ ಕರೆಂಟ್ ಹೋದರೆ ಮಿಲ್ ನಿಲ್ಲುತ್ತದೆ, ಬೀಸುವ ಕಲ್ಲನ್ನು ನೀನು ಗಿಡದ ಕುಂಡಕ್ಕೆ ಪೀಠ ಮಾಡಿದ್ದೀಯಲ್ಲ. ಅದಕ್ಕೆ ಹದಿನೈದು ದಿನಕ್ಕಾಗುವಷ್ಟು ಹಿಟ್ಟು ಸದಾ ಡಬ್ಬಿಯಲ್ಲಿರಲಿ.

ಅತ್ತೆಯ ವಿಷಯ. ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಲೆಕ್ಕವಿಲ್ಲದೆ ಬಡಿಸುವವರಿದ್ದಾರೆ. ಅದೂ ಪಿಷ್ಟವೇ, ಅಳತೆ ಬೇಕು. ಮಾತ್ರೆ ಇಲ್ಲವೇ ಇನ್ಸುಲಿನ್ ತಗೊಂಡು ಊಟ ತಡವಾದರೆ ಸಕ್ಕರೆ ದಿಢೀರ್ ಇಳಿದು ಬೆವರು, ನಡುಕ ಬರಬಹುದು. ಆದ್ದರಿಂದ ಸಕ್ಕರೆ ರೋಗಿಯ ಮನೆಯಲ್ಲಿಯೇ ಒಂದು ಪೊಟ್ಟಣ ಸಕ್ಕರೆ ಕೈಗೆ ಸಿಗುವಂತಿರಬೇಕು. ಬಿಪಿ ಇದ್ದವರಿಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮಾತ್ರ ಇಟ್ಟರೆ ಅದು ಸಂಗ್ರಹವಲ್ಲ, ಶಿಕ್ಷೆ. ಕೂಸಿಗೆ ಹಾಲು ಕುಡಿಸುವ ನಿನ್ನ ಊಟವೇ ಅದರ ಊಟ, ನಿನ್ನ ಪಾಲು ಕಡಿಮೆ ಬರೆಯಬೇಡ.

ನಿಮ್ಮಲ್ಲಿ ರೇಷ್ಮೆ ಹುಳು ಮೇಯಿಸುತ್ತೀರಿ. ಕಾಳಿಗೆ ಹುಳ ಬೀಳದಿರಲೆಂದು ಔಷಧಿ ಮಾತ್ರೆ ತರಬೇಡ. ಹುಳು ಮನೆ ಇರಲಿ, ಮುಚ್ಚಿದ ಕೋಣೆಯಲ್ಲಿ ಅದರ ವಿಷಗಾಳಿ ಮನುಷ್ಯರನ್ನೇ ತೆಗೆಯುತ್ತೆ. ತೊಗರಿ, ಅವರೆಯನ್ನು ಬಿಸಿಲಿಗೆ ಹಾಕಿ, ಸ್ವಲ್ಪ ಹರಳೆಣ್ಣೆ ಸವರಿಡು, ಸಾಕು.

ಕಣದಿಂದ ಹೊಸ ರಾಗಿ ಬಂದ ದಿನ ಹಳೇದನ್ನು ಮುಂದೆ ಎಳೆ, ಹೊಸದನ್ನು ಹಿಂದೆ ತಳ್ಳು. ಅವಲಕ್ಕಿಯನ್ನು ತಿಂಗಳಿಗೊಮ್ಮೆ ಒಗ್ಗರಣೆಗೆ ಹಾಕಿ ಮುಗಿಸಿ, ಹೊಸದು ತಂದಿಡು. ಹುರಿಹಿಟ್ಟನ್ನು ಈ ಭಾನುವಾರ ನಾನೇ ಬಂದು ಮಾಡಿಕೊಡ್ತೀನಿ, ಮರಳು ಕಾಯಿಸೋಕೆ ದೊಡ್ಡ ಬಾಣಲೆ ತೆಗೆದಿಡು.