ಸೆಂಟ್ರಲ್ ಪಾರ್ಕಿನಲ್ಲಿ ಒಂದು ಹಗಲು

ಪರದೇಶಕ್ಕೆ ಹೋದ ಪ್ರವಾಸಿಯು ಸಾಮಾನ್ಯವಾಗಿ ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಗಡಿಯಾರದೊಡನೆ ಓಡುತ್ತಾನೆ. ಆದರೆ ಒಂದು ನಗರದ ಜನಜೀವನವನ್ನು ಅರಿಯಬೇಕಾದರೆ ಒಂದು ದಿನವಾದರೂ ಆ ಓಟವನ್ನು ನಿಲ್ಲಿಸಿ, ಅಲ್ಲಿಯ ಜನರು ವಿಶ್ರಮಿಸುವ ಎಡೆಯಲ್ಲಿ ತಾನೂ ವಿಶ್ರಮಿಸಬೇಕು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿರುವ ಸೆಂಟ್ರಲ್ ಪಾರ್ಕ್ ಅಂಥದೊಂದು ಎಡೆ.

ಮ್ಯಾನ್‌ಹಟನ್ ದ್ವೀಪದ ಗಗನಚುಂಬಿ ಕಟ್ಟಡಗಳ ನಡುವೆ ಈ ಉದ್ಯಾನವು 843 ಎಕರೆಗಳಷ್ಟು ವಿಸ್ತಾರವಾಗಿ ಹರಡಿಕೊಂಡಿದೆ. ಇದರ ಉದ್ದ ಸುಮಾರು 4 ಕಿಲೋಮೀಟರು. ಅಗಲ 800 ಮೀಟರು. ಒಳಗೆ ಹೋಗಲು ಶುಲ್ಕವಿಲ್ಲ. ಬೆಳಿಗ್ಗೆ ದಕ್ಷಿಣದ ದ್ವಾರದಿಂದ ಒಳಹೊಕ್ಕ ಪ್ರವಾಸಿಗೆ ಕೆಲವೇ ಹೆಜ್ಜೆಗಳಲ್ಲಿ ನಗರದ ಗದ್ದಲ ಕುಗ್ಗಿದಂತೆ ತೋರುತ್ತದೆ. ಎಲ್ಮ್ ಮರಗಳು ಇಕ್ಕೆಲಗಳಿಂದಲೂ ಬಾಗಿ ಹಾದಿಗೆ ಚಪ್ಪರ ಹಾಕಿವೆ. ಅಳಿಲುಗಳು ನಿರ್ಭಯವಾಗಿ ಓಡಾಡುತ್ತವೆ. ಮುಂದೆ ಹೋದರೆ ಸರೋವರ, ದಿಬ್ಬ, ಕುರುಚಲು ಕಾಡು.

ಇದು ಪ್ರಕೃತಿಯೇ ಉಳಿಸಿಕೊಟ್ಟ ವನವೆಂದು ಯಾರಾದರೂ ಭಾವಿಸಬಹುದು. ಆದರೆ ಬಂಡೆಗಳನ್ನು ಬಿಟ್ಟರೆ ಇಲ್ಲಿಯ ಬಹುಭಾಗ ಮಾನವನಿರ್ಮಿತ! 1858ರಲ್ಲಿ ನಡೆದ ಸ್ಪರ್ಧೆಯಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಎಂಬಿಬ್ಬರ ಯೋಜನೆ ಆಯ್ಕೆಯಾಯಿತು. ಸಹಸ್ರಾರು ಶ್ರಮಿಕರು ಜೌಗುನೆಲವನ್ನು ಬಸಿದು, ಕೆರೆಗಳನ್ನು ತೋಡಿ, ಲಕ್ಷಾಂತರ ಗಿಡಮರಗಳನ್ನು ನೆಟ್ಟರು. ಉದ್ಯಾನವನ್ನು ಅಡ್ಡಹಾಯುವ ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ನಿರ್ಮಿಸಿದ್ದರಿಂದ, ವಿಹರಿಸುವವರ ಕಣ್ಣಿಗೆ ವಾಹನಗಳು ಬೀಳುವುದೇ ಅಪೂರ್ವ. ಬಡವ ಬಲ್ಲಿದರೆನ್ನದೆ ಎಲ್ಲರೂ ಒಂದೆಡೆ ಕಲೆತು ಗಾಳಿ ಬೆಳಕುಗಳನ್ನು ಸವಿಯಬೇಕೆಂಬುದೇ ಓಮ್‌ಸ್ಟೆಡ್‌ನ ಆಶಯವಾಗಿತ್ತು.

ಮಧ್ಯಾಹ್ನದ ವೇಳೆಗೆ ಆ ಆಶಯದ ಫಲ ಕಣ್ಣೆದುರಿಗೇ ಕಾಣುತ್ತದೆ. 1934ರವರೆಗೆ ಕುರಿಗಳು ಮೇಯುತ್ತಿದ್ದ ವಿಶಾಲವಾದ ಹುಲ್ಲುಗಾವಲಿನಲ್ಲಿ ಈಗ ಕಚೇರಿಯ ನೌಕರರು ಬುತ್ತಿ ಬಿಚ್ಚುತ್ತಾರೆ, ವಿದ್ಯಾರ್ಥಿಗಳು ಓದುತ್ತಾರೆ, ಮಕ್ಕಳು ಉರುಳಾಡುತ್ತಾರೆ. ಸಮೀಪದ ಬೆಥೆಸ್ಡಾ ಕಾರಂಜಿಯ ಮೇಲೆ ರೆಕ್ಕೆ ಬಿಚ್ಚಿದ ದೇವದೂತೆಯೊಬ್ಬಳು ನಿಂತಿದ್ದಾಳೆ. 1842ರಲ್ಲಿ ನಗರಕ್ಕೆ ಶುದ್ಧವಾದ ನೀರು ಹರಿದುಬಂದುದರ ನೆನಪಿಗಾಗಿ ಎಮ್ಮಾ ಸ್ಟೆಬಿನ್ಸ್ ಎಂಬ ಶಿಲ್ಪಿ ರೂಪಿಸಿದ ಈ ವಿಗ್ರಹವು 1873ರಲ್ಲಿ ಅನಾವರಣಗೊಂಡಿತು.

ಇಳಿಹೊತ್ತಿನಲ್ಲಿ ಪಶ್ಚಿಮದ ಅಂಚಿಗೆ ಬಂದ ಪ್ರವಾಸಿಯು ಅಲ್ಲಿಯ ಫಲಕದ ಮುಂದೆ ನಿಲ್ಲಲೇಬೇಕು. ಅಲ್ಲಿ ಹಿಂದೆ ಸೆನೆಕಾ ವಿಲೇಜ್ ಎಂಬ ಊರಿತ್ತು. 1825ರಿಂದ ಸ್ವತಂತ್ರ ಆಫ್ರಿಕನ್ ಅಮೆರಿಕನ್ನರು ಅಲ್ಲಿ ಭೂಮಿ ಕೊಂಡು ಮನೆ, ಚರ್ಚು, ಶಾಲೆಗಳನ್ನು ಕಟ್ಟಿಕೊಂಡಿದ್ದರು. ಅವರಿಗೆ ಭೂಮಿ ಕೇವಲ ಆಸ್ತಿಯಾಗಿರಲಿಲ್ಲ. ಅಂದಿನ ನ್ಯೂಯಾರ್ಕ್ ರಾಜ್ಯದಲ್ಲಿ 250 ಡಾಲರುಗಳ ಆಸ್ತಿಯುಳ್ಳ ಕಪ್ಪು ಪುರುಷರಿಗೆ ಮಾತ್ರ ಮತದಾನದ ಹಕ್ಕಿತ್ತು. ಬಿಳಿಯರಿಗೆ ಈ ನಿಬಂಧನೆ ಇರಲಿಲ್ಲ. ಉದ್ಯಾನಕ್ಕಾಗಿ ಸರ್ಕಾರವು ಆ ನೆಲವನ್ನು ವಶಪಡಿಸಿಕೊಂಡು ಪರಿಹಾರಧನವನ್ನು ಕೊಟ್ಟಿತು. ಆದರೆ 1857ರ ವೇಳೆಗೆ ಸುಮಾರು 225 ಜನರ ಊರು ಚದುರಿಹೋಯಿತು. 2011ರ ಉತ್ಖನನದಲ್ಲಿ ಕಬ್ಬಿಣದ ಚಹಾಪಾತ್ರೆಯೊಂದೂ ಪುಟ್ಟ ಪಾದರಕ್ಷೆಯ ಚರ್ಮದ ಅಟ್ಟೆಯೂ ದೊರೆತವು. ಎಲ್ಲರಿಗಾಗಿ ನಿರ್ಮಿಸಿದ ಉದ್ಯಾನಕ್ಕೆ ಕೆಲವರು ತಮ್ಮ ಮನೆಯನ್ನೇ ತೆರಬೇಕಾಯಿತು.

ಕಟ್ಟಿದುದನ್ನು ಕಾಯುವುದೂ ಸುಲಭವಲ್ಲ. 1970ರ ದಶಕದಲ್ಲಿ ಹಣದ ಅಭಾವದಿಂದ ಉದ್ಯಾನವು ಹಾಳುಬಿದ್ದಿತ್ತು. 1980ರಲ್ಲಿ ನಾಗರಿಕರು ಸೇರಿ ಸ್ಥಾಪಿಸಿದ ಸಂಸ್ಥೆಯೊಂದು ನಗರದ ಆಡಳಿತದೊಡನೆ ಕೈಜೋಡಿಸಿ ಅದಕ್ಕೆ ಮರುಜೀವ ನೀಡಿತು. 2018ರಲ್ಲಿ ಒಳಹಾದಿಗಳಿಂದ ಖಾಸಗಿ ಮೋಟಾರು ವಾಹನಗಳನ್ನೂ ದೂರವಿಟ್ಟರು.

ಸಂಜೆಯ ದೀಪಗಳು ಬೆಳಗುವ ಹೊತ್ತಿಗೆ ಪ್ರವಾಸಿಯು ಏನನ್ನೂ ಕೊಳ್ಳದೆ, ಯಾವ ಪಟ್ಟಿಯನ್ನೂ ಮುಗಿಸದೆ ಹಿಂದಿರುಗುತ್ತಾನೆ. ಆದರೂ ಆ ದಿನ ವ್ಯರ್ಥವಾಗಲಿಲ್ಲ. ಮರದ ನೆರಳಿನಲ್ಲಿ ದೊರೆತ ಬಿಡುವಿನ ಹಿಂದೆ ಅನೇಕರ ದುಡಿಮೆಯೂ ಕೆಲವರ ನಷ್ಟವೂ ಇದೆಯೆಂದು ಅರಿತವನು ಅಲ್ಲಿಯ ಒಂದು ಎಲೆಯನ್ನೂ ವೃಥಾ ಕೀಳಲಾರನು.

ಪ್ರಶ್ನೆಗಳು
1. ಸೆಂಟ್ರಲ್ ಪಾರ್ಕು ಮಾನವನಿರ್ಮಿತವೆಂಬುದಕ್ಕೆ ಪಾಠದಲ್ಲಿ ಬರುವ ಆಧಾರಗಳಾವುವು?
2. ಸೆನೆಕಾ ವಿಲೇಜಿನ ನಿವಾಸಿಗಳಿಗೆ ಭೂಮಿಯು ಕೇವಲ ಆಸ್ತಿಯಾಗಿರಲಿಲ್ಲ, ಏಕೆ?
3. ಪ್ರವಾಸಿಯ ದಿನ ವ್ಯರ್ಥವಾಗಲಿಲ್ಲವೆಂಬ ಮಾತನ್ನು ವಿವರಿಸಿರಿ.