ಕಮಾನು ಪಟ್ಟಿ ಏಕೆ ಮುರಿಯುತ್ತದೆ?

ಹೋದ ತಿಂಗಳು ಅಜ್ಜಿಯನ್ನು ಆಸ್ಪತ್ರೆಗೆ ತೋರಿಸಲು ಪಾವಗಡದಿಂದ ಮಧುಗಿರಿಗೆ ಹೊರಟಿದ್ದೆವು. ಬಸ್ಸು ಗುಂಡಿಗೆ ಇಳಿದಾಗ ‘ಟಣ್’ ಅಂತ ಸದ್ದಾಗಿ ಒಂದು ಕಡೆಗೆ ವಾಲಿತು. “ಕಮಾನ್ ಕಟ್ಟಾಗೈತೆ, ಎಲ್ಲಾ ಇಳೀರಪ್ಪ” ಅಂದ್ರು ಡ್ರೈವರಣ್ಣ. ಎರಡು ಗಂಟೆ ಬಿಸಿಲಲ್ಲಿ ಕಾದೆವು. ಅಜ್ಜಿ ಸುಸ್ತಾಗಿ ಹೋದರು. ಆಗ ನಾನು ಮುರಿದ ಪಟ್ಟಿಯನ್ನು ನೋಡಿದೆ.

ಮೊದಲಿನ ಕಾಲದ ಶ್ರೀಮಂತರ ಕಾರುಗಳಿಗೂ ಇಂಥದೇ ಕಮಾನು ಇತ್ತು. ಮೈಸೂರು ಅರಮನೆಯಲ್ಲಿ ರೋಲ್ಸ್ ರಾಯ್ಸ್ ಕಾರುಗಳಿದ್ದುದು ನಿಮಗೆ ಗೊತ್ತು. ಆಗ ಆ ಕಂಪನಿ ಬರೀ ಚಾಸಿ ಮಾರುತ್ತಿತ್ತು. ಬಾಡಿಯನ್ನು ಬೇರೆ ಕಡೆ ಕಟ್ಟಿಸಬೇಕು, ಈಗ ಲಾರಿಗೆ ಕಟ್ಟಿಸಿದ ಹಾಗೆ! ಎಷ್ಟು ಶೋಕಿಯೋ ಅಷ್ಟು ಭಾರ. ಭಾರ ಹೆಚ್ಚಿದರೆ ಕಮಾನಿಗೆ ಪೆಟ್ಟು. ಪಟ್ಟಿ ದಪ್ಪ ಮಾಡಿದರೆ ಒಳಗೆ ಕೂತವರ ಸೊಂಟಕ್ಕೆ ಪೆಟ್ಟು.

ಒಂದೇ ದಪ್ಪ ಪಟ್ಟಿ ಹಾಕದೆ ಹಲವು ತೆಳು ಪಟ್ಟಿ ಜೋಡಿಸುವುದೇಕೆ? ಬಿದಿರಿನ ದಬ್ಬೆ ತಗೊಂಡು ನೋಡಿ. ದಪ್ಪ ದಬ್ಬೆ ಬಗ್ಗಿಸಿದರೆ ಮೊದಲು ಬಗ್ಗೋದೇ ಇಲ್ಲ, ಆಮೇಲೆ ಲಟಕ್ ಅಂತ ಮುರಿಯುತ್ತದೆ. ಅಷ್ಟೇ ದಪ್ಪಕ್ಕೆ ನಾಲ್ಕು ತೆಳು ದಬ್ಬೆ ಜೋಡಿಸಿದರೆ ಒಂದರ ಮೇಲೊಂದು ಜಾರಿ ಬಿಲ್ಲಿನಂತೆ ಬಾಗುತ್ತವೆ. ಲೆಕ್ಕದ ಪ್ರಕಾರ ದಪ್ಪ ದಬ್ಬೆ 16 ಪಟ್ಟು ಬಿಗಿ. ಆದರೆ ಬಾಗುವಾಗ ಅದರ ಹೊರಮೈ ಬಹಳ ಎಳೆಯಲ್ಪಡುತ್ತದೆ, ಅಲ್ಲೇ ಸೀಳು.

ಭಾರ ಇಳಿಸಲು ಮರದ ಚೌಕಟ್ಟಿನ ಮೇಲೆ ಅಲ್ಯುಮಿನಿಯಂ ತಗಡು ಹೊದಿಸಿದರು. ಇದಕ್ಕಿಂತ ಒಳ್ಳೆಯ ಉಪಾಯ 1922ರಲ್ಲಿ ಇಟಲಿಯ ಲಾನ್ಸಿಯಾ ಲಾಂಬ್ಡಾದಲ್ಲಿ ಬಂತು: ಚಾಸಿಯೇ ಬೇಡ, ಬಾಡಿಯೇ ಭಾರ ಹೊರಲಿ! ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ತಿರುಚಿ ನೋಡಿ, ತಿರುಚುತ್ತದೆ. ಹೊರಗಿನ ಕವಚಕ್ಕೆ ಸೇರಿಸಿದರೆ ಸುಲಭಕ್ಕೆ ತಿರುಚಲಾಗದು. ರೋಲ್ಸ್ ರಾಯ್ಸ್‌ನವರು ಇದನ್ನು ಮಾಡಿದ್ದು 1965ರ ಸಿಲ್ವರ್ ಶಾಡೋದಲ್ಲಿ. ನಮ್ಮ ಅಂಬಾಸಿಡರ್‌ಗೆ (1958ರಿಂದ 2014) ಮೊದಲಿಂದಲೂ ಬಾಡಿಯೇ ಆಧಾರ. ಈ ವಿಷಯದಲ್ಲಿ ನಮ್ಮದೇ ಮುಂದೆ!

1936ರ ಫ್ಯಾಂಟಮ್ 3ರಲ್ಲಿ ಮುಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಸುರುಳಿ ಸ್ಪ್ರಿಂಗ್ ಕೊಟ್ಟು ಎಣ್ಣೆ ತುಂಬಿದ ಪೆಟ್ಟಿಗೆಯಲ್ಲಿಟ್ಟರು. ಧೂಳಿಲ್ಲ, ತುಕ್ಕಿಲ್ಲ. ನಮ್ಮ ಬಸ್ಸಿನ ಪಟ್ಟಿಗಳ ನಡುವೆ ಧೂಳು, ನೀರು ಎರಡೂ ಸೇರುತ್ತವೆ.

ಸಿರಾದ ಮೆಕ್ಯಾನಿಕ್ ಒಬ್ಬರನ್ನು “ವೆಲ್ಡಿಂಗ್ ಮಾಡಬಾರದಾ ಮಾಮ?” ಅಂದೆ. “ಕಾಯಿಸಿದ್ರೆ ಹದ ಹೋಗ್ತದೆ ಕಣಪ್ಪ” ಅಂದ್ರು. ಕುಲುಮೆಯಲ್ಲಿ ಕುಡುಗೋಲಿಗೆ ಹದ ಕೊಡುವುದು ನೋಡಿದ್ದೀರಲ್ಲ, ಅದೇ ಹದ.

ಅವತ್ತಿನ ಪಟ್ಟಿ ಮುರಿದದ್ದು ನಡುವಿನ ಬೋಲ್ಟಿನ ತೂತಿನ ಹತ್ತಿರ. ಮುರಿದ ಮುಖದಲ್ಲಿ ಅರ್ಧ ಕಪ್ಪು ತುಕ್ಕು, ಅರ್ಧ ಬೆಳ್ಳಗೆ ಹೊಳಪು. ಅಂದ್ರೆ ಬಿರುಕು ಎಷ್ಟೋ ದಿನದಿಂದ ಇತ್ತು, ಗುಂಡಿ ಬರೀ ನೆಪ.